ಸಮುದ್ರ ಸೇರುವ ನೀರು ವ್ಯರ್ಥವೇ? ಕಡಲತಡಿ ಚಾರಣದ ಒಂದು ದಿನ ನೀಡುವ ಉತ್ತರ

'ಪಶ್ಚಿಮಕ್ಕೆ ಹರಿಯುವ ನದಿಗಳ ನೀರು ವ್ಯರ್ಥವಾಗಿ ಸಮುದ್ರದ ಪಾಲಾಗುತ್ತಿದೆ' ಎಂಬ ಮಾತು ಹಲವು ದಶಕಗಳಿಂದ ಕರ್ನಾಟಕದ ವೇದಿಕೆಗಳಲ್ಲಿ ಕೇಳಿಬರುತ್ತಿದೆ. ಚುನಾವಣಾ ಭಾಷಣಗಳಿಂದ ಹಿಡಿದು ಶಾಲಾ ಮಕ್ಕಳ ಪ್ರಬಂಧಗಳವರೆಗೆ ಅದು ಪರೀಕ್ಷೆಗೆ ಒಳಪಡದ ಸತ್ಯವಾಗಿ ನೆಲೆಯೂರಿದೆ. ಮಲೆನಾಡಿನ ಮನೆಗಳಲ್ಲಿಯೂ ಅದನ್ನು ನಂಬುವವರು ಕಡಿಮೆಯೇನಿಲ್ಲ. ಘಟ್ಟದ ಅಂಚಿನಲ್ಲಿ ಕಣ್ಮರೆಯಾಗುವ ಹೊಳೆ ಮುಂದೆ ಏನು ಮಾಡುತ್ತದೆಂಬುದನ್ನು ಘಟ್ಟದ ಮೇಲಿನವರು ಕಂಡಿರುವುದೇ ಅಪರೂಪ.

ಈ ಮಾತನ್ನು ಪರೀಕ್ಷಿಸಬೇಕಾದ ಜಾಗ ನದಿಯ ಅಳಿವೆ. ಪರೀಕ್ಷಿಸಬೇಕಾದ ವಿಧಾನ ಕಾಲ್ನಡಿಗೆ. ಅದಕ್ಕೆ ಬೇಕಾದ ಅವಕಾಶ ಇಂದು ಯುವಜನರ ಕೈಗೆಟುಕುವಂತೆಯೇ ಇದೆ. ಉತ್ತರ ಕನ್ನಡದ ಕರಾವಳಿಯಲ್ಲಿ ಮೂರು ನಾಲ್ಕು ದಿನಗಳ ಕಡಲತಡಿ ಚಾರಣ ಈಚಿನ ವರ್ಷಗಳಲ್ಲಿ ಬಹಳ ಜನಪ್ರಿಯವಾಗಿದೆ. ಮಳೆ ನಿಂತು ಗಾಳಿ ಹಿತವಾಗುವ ನವೆಂಬರಿನಿಂದ ಫೆಬ್ರವರಿಯವರೆಗೆ ಬೆಂಗಳೂರು, ಹುಬ್ಬಳ್ಳಿ, ಪುಣೆಗಳಿಂದ ಬೆನ್ನಿಗೆ ಚೀಲ ಹೊತ್ತ ತಂಡಗಳು ಗೋಕರ್ಣಕ್ಕೆ ಬಂದಿಳಿಯುತ್ತವೆ; ತೀರವನ್ನೇ ಹಿಡಿದು ಕುಮಟೆಯತ್ತ, ಕೆಲವರು ಹೊನ್ನಾವರದ ಶರಾವತಿಯವರೆಗೂ ನಡೆಯುತ್ತಾರೆ. ಹೆಚ್ಚಿನವರಿಗೆ ಅದು ಸೂರ್ಯಾಸ್ತ ನೋಡುವ, ಚಿತ್ರ ತೆಗೆಯುವ, ನಡೆದ ಕಿಲೋಮೀಟರುಗಳನ್ನು ಎಣಿಸುವ ರಜೆ. ಆದರೆ ಆ ದಿನಗಳ ಪೈಕಿ ಒಂದು ದಿನ, ಗೋಕರ್ಣದಿಂದ ತದಡಿಯಲ್ಲಿ ಅಘನಾಶಿನಿಯನ್ನು ದಾಟಿ ಬಾಡದ ತೀರ ಸೇರುವ ದಿನ, ಮಲೆನಾಡಿಗರ ಪಾಲಿಗೆ ಒಂದು ಪಾಠಶಾಲೆಯೇ ಆಗಬಲ್ಲದು.

ಕಾಲುದಾರಿ ಯಾರದು?

ಬೆಳಗಿನ ನಡಿಗೆ ಗೋಕರ್ಣದ ಊರತೀರದಿಂದ ಕುಡ್ಲೆಗೆ, ಅಲ್ಲಿಂದ ಓಂ ತೀರಕ್ಕೆ ಸಾಗುತ್ತದೆ. ಅಲ್ಲಿಯವರೆಗೆ ವಸತಿಗೃಹಗಳು, ಹೋಟೆಲುಗಳು, ರಾತ್ರಿಯಿಡೀ ಉರಿಯುವ ದೀಪಗಳ ಸಾಲು. ಓಂ ತೀರ ದಾಟಿ ಗುಡ್ಡ ಏರಿದೊಡನೆ ಲೋಕವೇ ಬದಲಾಗುತ್ತದೆ. ಹಾಫ್ ಮೂನ್, ಪ್ಯಾರಡೈಸ್ ಎಂದು ಪ್ರವಾಸಿಗರು ಹೆಸರಿಟ್ಟ ಪುಟ್ಟ ಕೊಲ್ಲಿಗಳಿಗೆ ವಾಹನ ಹೋಗುವ ರಸ್ತೆಯಿಲ್ಲ. ದೋಣಿ ಅಥವಾ ಕಾಲು ಎರಡೇ ಸಾಧನ. ಚಿರೆಕಲ್ಲಿನ ಗುಡ್ಡದ ಮೇಲೆ ಹುಲ್ಲು ಒಣಗಿ ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ. ತೂತುತೂತಾದ ಆ ಕಲ್ಲು ಮಳೆಗಾಲದ ನೀರನ್ನು ಕುಡಿದು ಒಳಗಿಟ್ಟುಕೊಂಡು, ಬುಡದಲ್ಲಿ ಅಲ್ಲಲ್ಲಿ ಸಿಹಿನೀರಿನ ಒರತೆಯಾಗಿ ಹೊರಬಿಡುತ್ತದೆ. ಉಪ್ಪುನೀರಿಗೆ ಮಾರು ದೂರದಲ್ಲಿ ಸಿಹಿನೀರು ದೊರೆಯುವ ರಹಸ್ಯ ಇಷ್ಟೇ. ಗುಡ್ಡವನ್ನು ಕೊರೆದು ಕಲ್ಲು ಸಾಗಿಸಿದರೆ ಒರತೆಯೂ ಅದರೊಡನೆ ಹೋಗುತ್ತದೆ.

ಈ ಗುಡ್ಡದ ಮೇಲಿನ ಕಾಲುದಾರಿಯನ್ನು ಚಾರಣಿಗರಿಗಾಗಿ ಯಾರೂ ನಿರ್ಮಿಸಿದ್ದಲ್ಲ. ಮೀನುಗಾರರು, ದನಕಾಯುವವರು, ಸೌದೆಗೆ ಹೋಗುವ ಹೆಂಗಸರು ತಲೆಮಾರುಗಳ ಕಾಲ ತುಳಿದದ್ದರಿಂದ ಅದು ದಾರಿಯಾಯಿತು. ಜಗತ್ತಿನ ಪ್ರಸಿದ್ಧ ಕಡಲತಡಿ ದಾರಿಗಳ ಕಥೆಯೂ ಬೇರೆಯಲ್ಲ. ಇಂಗ್ಲೆಂಡಿನ ನೈಋತ್ಯ ಕರಾವಳಿಯಲ್ಲಿ ಸಾವಿರ ಕಿಲೋಮೀಟರಿಗೂ ಮಿಕ್ಕಿ ಹಬ್ಬಿರುವ ದಾರಿ, ಕಳ್ಳಸಾಗಣೆಯನ್ನು ತಡೆಯಲು ಕರಾವಳಿ ಕಾವಲುಗಾರರು ಗಸ್ತು ತಿರುಗುತ್ತಿದ್ದ ದಾರಿ. ವ್ಯತ್ಯಾಸವಿರುವುದು ಮುಂದಿನ ಹೆಜ್ಜೆಯಲ್ಲಿ. ವೇಲ್ಸ್ 2012ರಲ್ಲಿ ತನ್ನ ಇಡೀ ಕರಾವಳಿಯುದ್ದಕ್ಕೂ ಸುಮಾರು 1,400 ಕಿಲೋಮೀಟರಿನ ನಡಿಗೆದಾರಿಯನ್ನು ಜನರಿಗೆ ತೆರೆಯಿತು. ಇಂಗ್ಲೆಂಡ್ 2009ರಲ್ಲೇ ಅದಕ್ಕೆಂದು ಶಾಸನ ಮಾಡಿತು. ಇಲ್ಲಿ ದಾರಿಯನ್ನು ಕಾಯುತ್ತಿರುವುದು ಕೇವಲ ರೂಢಿ. ತೀರದ ಜಮೀನು ಕೈಬದಲಾಗಿ ಒಂದು ತಂತಿಬೇಲಿ ಎದ್ದರೆ ರೂಢಿ ಅಲ್ಲಿಗೇ ಮುಗಿಯುತ್ತದೆ. ಅಂಥ ಬೇಲಿಯಿಂದ ಚಾರಣಿಗನ ಒಂದು ರಜೆ ಕೆಡಬಹುದು, ಅಷ್ಟೇ. ಮೀನುಗಾರನ ಬದುಕಿನ ದಾರಿಯೇ ಮುಚ್ಚಿಹೋಗುತ್ತದೆ.

2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಜನದಟ್ಟಣೆ ಹೆಚ್ಚಿರುವ ಗ್ರಾಮೀಣ ತೀರಗಳಲ್ಲಿ ನಿರ್ಮಾಣ ನಿಷೇಧದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು; ಮರಳತೀರದಲ್ಲಿ ತಾತ್ಕಾಲಿಕ ಪ್ರವಾಸಿ ಸೌಕರ್ಯಗಳಿಗೂ ಅವಕಾಶ ನೀಡಿತು. ತೀರದ ಗ್ರಾಮ ಪಂಚಾಯಿತಿಗಳು ತಮ್ಮ ಕಾಲುದಾರಿಗಳನ್ನೂ ದೋಣಿ ಎಳೆಯುವ ಜಾಗಗಳನ್ನೂ ಈಗಲೇ ನಕ್ಷೆಯಲ್ಲಿ ದಾಖಲಿಸದಿದ್ದರೆ ಮುಂದೆ ಸಾಕ್ಷಿ ಹೇಳುವವರೂ ಉಳಿಯಲಾರರು.

ತಾರಿ ಕಾಯುವ ಹೊತ್ತು

ಬೇಲೆಕಾನ ದಾಟಿ ತದಡಿ ತಲುಪುವಾಗ ಬಿಸಿಲು ಏರಿರುತ್ತದೆ. ಬಂದರಿನಲ್ಲಿ ಮೀನುದೋಣಿಗಳು, ಬಲೆ ಹೊಲಿಯುವವರು, ಮಂಜುಗಡ್ಡೆಯ ಪೆಟ್ಟಿಗೆಗಳು. ಎದುರಿಗೆ ಅಘನಾಶಿನಿಯ ಅಗಲವಾದ ಅಳಿವೆ. ಆಚೆ ದಡದಲ್ಲಿ ನದಿಯ ಹೆಸರನ್ನೇ ಹೊತ್ತ ಊರು. ಸೇತುವೆಯ ಮೇಲೆ ಹೋಗಬೇಕೆಂದರೆ ಮಿರ್ಜಾನಿನ ಕಡೆಯಿಂದ ದೂರ ಬಳಸಬೇಕು. ಆದ್ದರಿಂದ ಶಾಲೆಗೆ, ಪೇಟೆಗೆ, ನೆಂಟರಿಷ್ಟರ ಮನೆಗೆ ಹೋಗುವವರೊಡನೆ ಚಾರಣಿಗನೂ ತಾರಿಗಾಗಿ ಕಾಯುತ್ತಾನೆ. ಅವಸರವಿದ್ದವರಿಗೆ ಈ ಕಾಯುವಿಕೆ ಬೇಸರ ತರುತ್ತದೆ. ಆದರೆ ಇಡೀ ದಿನದಲ್ಲಿ ಕಲಿಯಲು ಹೆಚ್ಚು ಸಿಗುವ ಹೊತ್ತು ಇದೇ.

ನೀರು ಇಳಿತದಲ್ಲಿದ್ದರೆ ಅಳಿವೆಯ ನಡುವೆ ಕೆಸರು ಮತ್ತು ಮರಳಿನ ದಿಬ್ಬಗಳು ಮೇಲೆದ್ದಿರುತ್ತವೆ. ಅಲ್ಲಿ ಹೆಂಗಸರೂ ಗಂಡಸರೂ ಬಗ್ಗಿ ನಿಂತು ಬಳಚು ಆಯುತ್ತಿರುತ್ತಾರೆ. ಕೆಲವರು ಎದೆಮಟ್ಟದ ನೀರಿನಲ್ಲಿ ಮುಳುಗಿ ಏಳುತ್ತಾರೆ. ಬಂಡವಾಳವಾಗಿ ಬೇಕಾದದ್ದು ಒಂದು ಬುಟ್ಟಿ ಮತ್ತು ಭರತ–ಇಳಿತದ ತಿಳಿವಳಿಕೆ ಮಾತ್ರ. ಪ್ರತಿದಿನ ಇಳಿತ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಇವರ ದುಡಿಮೆಯ ಗಡಿಯಾರವೂ ಚಂದ್ರನೊಡನೆ ಸರಿಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ನಡೆಸಿದ ಅಧ್ಯಯನವು ಈ ಒಂದೇ ಅಳಿವೆಯಿಂದ ವರ್ಷಕ್ಕೆ 20 ಸಾವಿರ ಟನ್ನಿಗೂ ಹೆಚ್ಚು ಚಿಪ್ಪುಜೀವಿಗಳು ದೊರೆಯುತ್ತಿದ್ದವೆಂದೂ 2 ಸಾವಿರಕ್ಕೂ ಹೆಚ್ಚು ಜನ ನೇರವಾಗಿ ಅದನ್ನು ಅವಲಂಬಿಸಿದ್ದರೆಂದೂ ಅಂದಾಜು ಮಾಡಿತ್ತು. ಯಾವ ಸರಕಾರವೂ ಹಣ ಹೂಡದೆ, ಯಾವ ಕಂಪನಿಯೂ ಬಾಗಿಲು ತೆರೆಯದೆ ನಡೆದುಬಂದ ಉದ್ಯೋಗವಿದು.

ಒಳಭಾಗದಲ್ಲಿ ಗಜನಿ ಭೂಮಿಗಳಿವೆ. ಉಪ್ಪುನೀರನ್ನು ತಡೆಯುವ ಕಟ್ಟೆಗಳ ಒಳಗೆ, ಮಾಣಿಕಟ್ಟದಂಥ ಊರುಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಿದೆ. ಉಪ್ಪನ್ನೂ ನೆರೆಯನ್ನೂ ತಾಳುವ ಈ ತಳಿಗೆ ಗೊಬ್ಬರ, ಔಷಧಗಳ ಹಂಗಿಲ್ಲ. ಆದರೆ ಒಂದು ಹಂಗಿದೆ: ಮಳೆಗಾಲದ ಮೊದಲಲ್ಲಿ ಘಟ್ಟದಿಂದ ಇಳಿದುಬರುವ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದರೆ ಮಾತ್ರ ಬಿತ್ತನೆ ಸಾಧ್ಯ. ಕೊಯ್ಲಿನ ನಂತರ ಅದೇ ಗದ್ದೆಗೆ ಉಪ್ಪುನೀರು ಬಿಟ್ಟರೆ ಕೂಳೆಯ ನಡುವೆ ಸಿಗಡಿ, ಮೀನು ಬೆಳೆಯುತ್ತವೆ. ಒಂದೇ ನೆಲ ಅರ್ಧ ವರ್ಷ ಘಟ್ಟದ ನೀರಿನಿಂದ ಅನ್ನವನ್ನೂ ಉಳಿದರ್ಧ ವರ್ಷ ಕಡಲಿನ ನೀರಿನಿಂದ ಮೀನನ್ನೂ ಕೊಡುತ್ತದೆ. ಹತ್ತಿರದ ಸಾಣಿಕಟ್ಟದಲ್ಲಿ ಬೇಸಿಗೆಯ ಬಿಸಿಲಿಗೆ ಉಪ್ಪು ಬೆಳೆಯುತ್ತದೆ. ನದಿಯ ಮೇಲ್ಗಡೆ, ಅಳಿವೆಯ ಬಾಯಿಯಿಂದ ಸುಮಾರು 25 ಕಿಲೋಮೀಟರ್ ಒಳಗೆ, ಭರತದ ನೀರು ಮುಟ್ಟುವ ಎಲ್ಲೆಯಲ್ಲಿರುವ ಊರಿನ ಹೆಸರು ಉಪ್ಪಿನಪಟ್ಟಣ.

ಇದೇ ತದಡಿಯಲ್ಲಿ 2006–07ರ ಹೊತ್ತಿಗೆ 4,000 ಮೆಗಾವಾಟಿನ ಬೃಹತ್ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು. ಕಲ್ಲಿದ್ದಲಿನ ಬೂದಿಯೂ ಬಿಸಿನೀರೂ ಅಳಿವೆ ಸೇರಬೇಕಾಗಿತ್ತು. ಕರಾವಳಿಯವರೂ ಘಟ್ಟದವರೂ ಒಟ್ಟಾಗಿ ವಿರೋಧಿಸಿದ್ದರಿಂದ ಅದು ನಿಂತಿತು. ತಾರಿ ಕಾಯುವ ವಿದ್ಯಾರ್ಥಿಗೆ ಈ ಸಂಗತಿ ತಿಳಿದಿರಬೇಕು. ಆತನ ಕಣ್ಣಮುಂದಿರುವ ನಿಸರ್ಗ ಆಕಸ್ಮಿಕವಾಗಿ ಉಳಿದದ್ದಲ್ಲ. ಜನ ನಿಂತು ಉಳಿಸಿಕೊಂಡದ್ದು.

ದೋಣಿಯ ಕೆಳಗಿನ ನೀರು

ದೋಣಿ ದಾಟುವ ಆ ಕೆಲವೇ ನಿಮಿಷಗಳಲ್ಲಿ ಕೆಳಗೆ ಹರಿಯುತ್ತಿರುವುದು ಶಿರಸಿಯ ಶಂಕರಹೊಂಡದ, ಮಂಜುಗುಣಿಯ ನೀರು. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಸಿಂಗಳೀಕಗಳ ಕಾಡನ್ನೂ ಅಪ್ಪೆಮಿಡಿಯ ಮರಗಳ ನೆರಳನ್ನೂ ಹಾದು, ಸುಮಾರು 120 ಕಿಲೋಮೀಟರ್ ಹರಿದು ಬಂದ ನೀರು. ಅದರ ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟೆಯಿಲ್ಲ. ಲಿಂಗನಮಕ್ಕಿಯಲ್ಲಿ ನಿಂತ ಶರಾವತಿಗೂ ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ನಿಂತ ಕಾಳಿಗೂ ಇಲ್ಲದ ಭಾಗ್ಯ ಅಘನಾಶಿನಿಗಿದೆ.

ಹೊಳೆ ತರುವುದು ಬರೀ ನೀರನ್ನಲ್ಲ. ಕಾಡಿನ ತರಗೆಲೆ ಕೊಳೆತ ಸಾರ, ಬಂಡೆ ಸವೆದ ಮರಳು, ಕಲ್ಲಿನಿಂದ ಕರಗಿದ ಸಿಲಿಕಾ ಎಲ್ಲವೂ ಅದರೊಡನೆ ಬರುತ್ತವೆ. ಕಡಲಿನ ಆಹಾರ ಸರಪಳಿಯ ಬುಡದಲ್ಲಿರುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ತಮ್ಮ ಕವಚವನ್ನು ಸಿಲಿಕಾದಿಂದಲೇ ಕಟ್ಟಿಕೊಳ್ಳುತ್ತವೆ. ಕಡಲಿಗೆ ಅದನ್ನು ಒದಗಿಸುವ ಮುಖ್ಯ ಮೂಲ ನದಿಗಳು. ಆ ಪಾಚಿಯನ್ನು ತಿಂದು ಬಳಚು ಬೆಳೆಯುತ್ತದೆ, ಮರಿಮೀನು ಬೆಳೆಯುತ್ತದೆ. ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಸಿಗಡಿಯ ಮರಿಗಳು ಆಶ್ರಯ ಪಡೆದು, ಬಲಿತ ಮೇಲೆ ಕಡಲಿಗೆ ಮರಳುತ್ತವೆ. ಸಿಹಿನೀರು ಮತ್ತು ಉಪ್ಪುನೀರು ಹದವಾಗಿ ಬೆರೆತಾಗ ಮಾತ್ರ ಈ ಇಡೀ ವ್ಯವಸ್ಥೆ ನಡೆಯುತ್ತದೆ.

ಹದ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಜಗತ್ತಿನಲ್ಲಿ ಉದಾಹರಣೆಯಿದೆ. ಈಜಿಪ್ಟಿನಲ್ಲಿ ನೈಲ್ ನದಿಗೆ ಆಸ್ವಾನ್ ಬಳಿ ಕಟ್ಟಿದ ದೊಡ್ಡ ಅಣೆಕಟ್ಟು 1964ರಿಂದ ನೆರೆನೀರನ್ನು ಹಿಡಿದಿಟ್ಟಿತು. ಅದಕ್ಕೂ ಮುನ್ನ, 1962ರಲ್ಲಿ, ನದೀಮುಖದ ಕಡಲಿನಲ್ಲಿ ಸುಮಾರು 18 ಸಾವಿರ ಟನ್ ಸಾರ್ಡೀನ್ ಮೀನು ಸಿಗುತ್ತಿತ್ತು. 1968ರ ವೇಳೆಗೆ ಅದು ಸಾವಿರ ಟನ್ನಿಗೂ ಕೆಳಗಿಳಿಯಿತು. ದಶಕಗಳ ತರುವಾಯ ಮೀನುಗಾರಿಕೆ ಚೇತರಿಸಿಕೊಂಡಿತಾದರೂ ಅದಕ್ಕೆ ಹೊಲಗಳ ರಸಗೊಬ್ಬರ ಮತ್ತು ನಗರಗಳ ಕೊಳಚೆ ಮುಖ್ಯ ಕಾರಣವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಹೂಳು ಬಾರದೆ ಸವೆದ ನದೀಮುಖದ ನೆಲ ಮಾತ್ರ ಮರಳಿ ಬರಲಿಲ್ಲ. ವ್ಯರ್ಥವೆಂದು ತಡೆದ ನೀರು ಅಲ್ಲಿಯವರೆಗೆ ಮಾಡುತ್ತಿದ್ದ ಕೆಲಸ ಏನೆಂಬುದು ತಡೆದ ಮೇಲಷ್ಟೇ ಲೆಕ್ಕಕ್ಕೆ ಸಿಕ್ಕಿತು.

ಮಧ್ಯಾಹ್ನದ ಮರಳು

ಅಘನಾಶಿನಿ ಊರಿನಲ್ಲಿ ಇಳಿದು, ಕಿರುಬೇಲೆಯ ತೀರ ನೋಡಿ, ಕಾಗಾಲದ ಮೂಲಕ ದಕ್ಷಿಣಕ್ಕೆ ನಡೆದರೆ ಬಾಡದ ಉದ್ದನೆಯ ಮರಳತೀರ ಸಿಗುತ್ತದೆ. ತೆಂಗಿನ ತೋಟಗಳು, ಗಾಳಿಮರದ ಸಾಲು, ಮರಳಿನ ಮೇಲೆ ಹಬ್ಬಿದ ನೇರಳೆ ಹೂವಿನ ಬಳ್ಳಿ. ನೆತ್ತಿಯ ಬಿಸಿಲಲ್ಲಿ ಒಣಮರಳಿನ ಮೇಲೆ ನಡೆಯುವುದು ಕಷ್ಟ. ಅಲೆ ಹಿಂದೆ ಸರಿದ ಒದ್ದೆಮರಳು ಕಾಲಿಗೆ ಗಟ್ಟಿಯಾಗಿ ಸಿಗುತ್ತದೆ.

ಆ ಮರಳೂ ಬಹುಪಾಲು ಘಟ್ಟದ್ದೇ. ಬಂಡೆ ಸವೆದು ಹೊಳೆಗಿಳಿದು, ಹೊಳೆಯಿಂದ ಕಡಲಿಗೆ ಬಿದ್ದು, ಅಲೆಗಳಿಂದ ತೀರಕ್ಕೆ ಬಂದದ್ದು. ಮಳೆಗಾಲದ ಕಡಲು ತೀರವನ್ನು ತಿನ್ನುತ್ತದೆ, ಬೇಸಿಗೆಯ ಕಡಲು ಮರಳನ್ನು ಮರಳಿಸುತ್ತದೆ. ಹೊಳೆಯಿಂದ ಹೊಸ ಮರಳು ಬರುವುದು ನಿಂತರೆ, ಅಥವಾ ಅಳಿವೆಯಲ್ಲೇ ಅದನ್ನು ತೋಡಿ ಲಾರಿ ತುಂಬಿದರೆ, ಈ ಕೊಡುಕೊಳ್ಳುವಿಕೆಯಲ್ಲಿ ತೀರಕ್ಕೆ ನಷ್ಟವೇ ಉಳಿಯುತ್ತದೆ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಅಭ್ಯಸಿಸಿ, ದೇಶದ ಕರಾವಳಿಯ ಸುಮಾರು ಮೂರನೆಯ ಒಂದು ಭಾಗ ಕೊರೆತಕ್ಕೆ ಒಳಗಾಗಿದೆಯೆಂದು ತಿಳಿಸಿದೆ. ಕೊರೆತಕ್ಕೆ ಮದ್ದೆಂದು ಗುಡ್ಡಗಳನ್ನು ಒಡೆದು ತಂದ ಬಂಡೆಗಳನ್ನು ತೀರದಲ್ಲಿ ಸುರಿಯಲಾಗುತ್ತದೆ. ಹೊಳೆ ಪುಕ್ಕಟೆಯಾಗಿ ತರುತ್ತಿದ್ದ ಗುಡ್ಡವನ್ನು ಲಾರಿ ಕೋಟಿಗಟ್ಟಲೆ ವೆಚ್ಚದಲ್ಲಿ ತರುತ್ತದೆ. ಕಲ್ಲಿನ ಗೋಡೆ ಎದ್ದ ಕಡೆ ದೋಣಿ ಎಳೆಯಲು ಜಾಗವಿಲ್ಲ, ಮೊಟ್ಟೆಯಿಡಲು ಬರುವ ಕಡಲಾಮೆಗೂ ಜಾಗವಿಲ್ಲ.

ಅತಿಥಿಯ ಮರ್ಯಾದೆ

ಚಾರಣವೆಂದ ಮಾತ್ರಕ್ಕೆ ಅದು ನಿರುಪದ್ರವಿಯಲ್ಲ. ಸಂಜೆ ಬಾಡದ ತೀರದಲ್ಲಿ ಡೇರೆ ಹೊಡೆದು, ಬೆಂಕಿ ಹಾಕಿ, ಧ್ವನಿವರ್ಧಕ ಹಚ್ಚಿ ಕುಣಿಯುವ ತಂಡಗಳಿವೆ. ಐವತ್ತು ಅರುವತ್ತು ಜನರನ್ನು ಒಮ್ಮೆಗೇ ಕರೆತರುವ ಸಂಘಟಕರಿದ್ದಾರೆ. ಬಾಟಲಿ, ತಿಂಡಿಯ ಪೊಟ್ಟಣಗಳನ್ನು ಗಾಳಿಮರದ ಬುಡದಲ್ಲಿ ಬಿಟ್ಟು ಹೋಗುವವರಿದ್ದಾರೆ. ಉತ್ತರ ಕನ್ನಡದ ತೀರಗಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುವುದು ಚಾರಣದ ಈ ಋತುವಿನಲ್ಲಿಯೇ. ಸುಮಾರು ಐವತ್ತು ದಿನ ಮರಳಿನೊಳಗಿದ್ದು ಹೊರಬರುವ ಮರಿಗಳು ಬೆಳಕು ಕಂಡತ್ತ ಹರಿಯುತ್ತವೆ. ಕಡಲ ಮೇಲಿನ ನಸುಬೆಳಕಿಗಿಂತ ದಡದ ದೀಪ ಪ್ರಖರವಾದರೆ ಅವು ಕಡಲಿಗೆ ಬೆನ್ನು ತಿರುಗಿಸಿ ಸಾಯುತ್ತವೆ.

ಆದ್ದರಿಂದ ನಡೆಯುವವರಿಗೆ ಕೆಲವು ಕಟ್ಟುಪಾಡುಗಳು ಬೇಕು. ತಂಡ ಹದಿನೈದು ಜನರನ್ನು ಮೀರದಿರಲಿ. ತೀರದಲ್ಲಿ ಡೇರೆ ಹೊಡೆಯುವುದರ ಬದಲು ಊರಿನ ಮನೆಗಳಲ್ಲಿ ಉಳಿದು, ಅಲ್ಲಿಯೇ ಉಂಡು, ಅದಕ್ಕೆ ತಕ್ಕ ಹಣ ಕೊಡಲಿ. ರಾತ್ರಿ ಮರಳಿನ ಮೇಲೆ ಬೆಂಕಿ, ದೀಪಗಳು ಬೇಡ. ಹೊತ್ತು ತಂದದ್ದನ್ನು ಹೊತ್ತೇ ಒಯ್ಯಲಿ. ಒಣಗಲು ಹಾಕಿದ ಮೀನು, ಹರಡಿದ ಬಲೆ, ಎಳೆದಿಟ್ಟ ದೋಣಿ ಇವು ಚಿತ್ರದ ಹಿನ್ನೆಲೆಗಳಲ್ಲ, ಒಂದು ಮನೆಯ ಗಳಿಕೆ ಎಂಬ ಅರಿವಿರಲಿ. ಇವನ್ನು ಪಾಲಿಸಿದರೆ ಕಾಲ್ನಡಿಗೆಯ ರಜೆ ಪ್ರವಾಸೋದ್ಯಮದ ಎಲ್ಲ ರೂಪಗಳ ಪೈಕಿ ಅತ್ಯಂತ ಹಗುರವಾದದ್ದು. ಅದಕ್ಕೆ ಗುಡ್ಡ ಕಡಿದ ರಸ್ತೆ ಬೇಡ, ತೀರದ ಕಾಂಕ್ರೀಟು ಬೇಡ. ಅದು ಕೊಡುವ ಹಣ ತಾರಿಯವನಿಗೂ ಅಡುಗೆ ಮಾಡಿದ ಮನೆಯವರಿಗೂ ನೇರವಾಗಿ ತಲುಪುತ್ತದೆ.

ಘಟ್ಟದವರು ಮಾಡಬೇಕಾದದ್ದು

ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರಲ್ಲಿ ರಾಮ್‌ಸಾರ್ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಸಂತೋಷದ ಸಂಗತಿಯೇ ಸರಿ. ಆದರೆ ಪಟ್ಟಿಗೆ ಸೇರಿದ್ದು ಅಳಿವೆ ಮಾತ್ರ. ಅದಕ್ಕೆ ಜೀವ ಕೊಡುವ ಹರಿವು ಘಟ್ಟದ ಮೇಲಿದೆ. ಅಘನಾಶಿನಿ–ವೇದಾವತಿ ಜೋಡಣೆಯಂಥ ಪ್ರಸ್ತಾಪಗಳಲ್ಲಿ ಆ ಹರಿವಿನ ಭವಿಷ್ಯ ಅಡಗಿದೆ. ಕೆಳಗೆ ಕೆರೆಗೆ ಬೇಲಿ ಹಾಕಿ ಮೇಲೆ ತೂಬು ಮುಚ್ಚಿದರೆ ಬೇಲಿಯಿಂದ ಪ್ರಯೋಜನವೇನು?

ಬಯಲುಸೀಮೆಯ ನೀರಿನ ಬವಣೆ ಸುಳ್ಳಲ್ಲ. ಅದನ್ನು ಹಗುರವಾಗಿ ಕಾಣುವುದು ಮಲೆನಾಡಿಗೆ ಶೋಭೆಯೂ ಅಲ್ಲ. ಏಪ್ರಿಲ್ ಬಂತೆಂದರೆ ಮಲೆನಾಡಿನ ಊರುಗಳಲ್ಲಿಯೇ ಬಾವಿ ಬತ್ತಿ ಟ್ಯಾಂಕರು ಓಡಾಡುವ ಕಾಲವಿದು. ಬಯಲಿನ ಕೆರೆಗಳ ಹೂಳು ತೆಗೆಯುವುದು, ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸುವುದು, ನೀರಿಗೆ ತಕ್ಕ ಬೆಳೆಯನ್ನು ಆರಿಸುವುದು ಇವೆಲ್ಲವನ್ನೂ ಬದಿಗಿಟ್ಟು, ಮಳೆಗಾಲದ ನಾಲ್ಕು ತಿಂಗಳು ಮೈದುಂಬುವ ಒಂದು ಚಿಕ್ಕ ಹೊಳೆಯನ್ನು ಸಾವಿರಾರು ಕೋಟಿ ಸುರಿದು ಘಟ್ಟದಾಚೆ ಏರಿಸುವುದು ಬಯಲಿಗೂ ನ್ಯಾಯವಲ್ಲ. ಈ ವಾದ ಬಯಲಿನ ರೈತರಿಗೆ ಮುಟ್ಟಬೇಕಾದರೆ 'ವ್ಯರ್ಥ' ಎಂಬ ಪದದ ಹಿಂದಿನ ಲೆಕ್ಕವನ್ನು ಅವರ ಮುಂದೆ ಬಿಡಿಸಿಡಬೇಕು. ಅದಕ್ಕೆ ಮೊದಲು ಘಟ್ಟದವರಿಗೇ ಆ ಲೆಕ್ಕ ಗೊತ್ತಿರಬೇಕು.

ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಶಾಲಾ ಕಾಲೇಜುಗಳು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಈ ಒಂದು ದಿನದ ದಾರಿಯಲ್ಲಿ ನಡೆಸಬೇಕು. ದುಬಾರಿ ಸಲಕರಣೆ ಬೇಡ. ಒಂದು ಟಿಪ್ಪಣಿ ಪುಸ್ತಕ, ನೀರಿನ ಬಾಟಲಿ, ಮೊದಲೇ ನೋಡಿಟ್ಟುಕೊಂಡ ಇಳಿತದ ಸಮಯ ಸಾಕು. ಬಳಚು ಆಯುವವರು ಎಷ್ಟು ಮಂದಿ, ಕಳೆದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ, ತೀರದ ಬಾವಿಯ ನೀರು ಯಾವ ತಿಂಗಳಲ್ಲಿ ಸಪ್ಪೆಯಿಂದ ಉಪ್ಪಿಗೆ ತಿರುಗುತ್ತದೆ, ಕಗ್ಗ ಬಿತ್ತಿದ ಗಜನಿಗಳೆಷ್ಟು, ಪಾಳುಬಿದ್ದವೆಷ್ಟು ಎಂಬುದನ್ನು ಊರವರನ್ನೇ ಕೇಳಿ ಬರೆದುಕೊಳ್ಳಬೇಕು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ, ಅಲ್ಲಿಯ ಜನತಾ ಜೀವವೈವಿಧ್ಯ ದಾಖಲೆಗೆ ಆ ಟಿಪ್ಪಣಿಯ ಒಂದು ಪ್ರತಿ ಸೇರಬೇಕು. ಐದು ವರ್ಷ ಹೀಗೆ ನಡೆದರೆ ಯಾವ ಯೋಜನಾ ವರದಿಯಲ್ಲೂ ಇಲ್ಲದ ಮಾಹಿತಿ ಹಳ್ಳಿಯ ಕೈಯಲ್ಲಿರುತ್ತದೆ. ಅಹವಾಲು ಸಭೆಯಲ್ಲಿ ಮಾತನಾಡಲು ಎದ್ದವರ ಕೈಯಲ್ಲಿ ಘೋಷಣೆಯ ಜೊತೆಗೆ ಅಂಕಿಯೂ ಇರುತ್ತದೆ.

ಕರಾವಳಿಯ ಮಕ್ಕಳನ್ನು ಘಟ್ಟಕ್ಕೆ ಕರೆತಂದು ಹೊಳೆಯ ಮೂಲ ತೋರಿಸುವ ಕೆಲಸವೂ ಇದರೊಡನೆ ನಡೆಯಲಿ. ಮೇಲೆ ಬೆಟ್ಟ ಬೋಳಾದರೆ ಕೆಳಗೆ ಬಳಚು ಬರಿದಾಗುತ್ತದೆಂಬ ಸಂಬಂಧ ಎರಡೂ ಕಡೆಯ ಮಕ್ಕಳಿಗೆ ಕಾಲಿನ ಮೂಲಕ ತಿಳಿಯಲಿ. ಈ ನವೆಂಬರಿನಿಂದಲೇ ಆರಂಭಿಸಲು ಅಡ್ಡಿಯೇನೂ ಇಲ್ಲ.